ದಕ್ಷಿಣದ ಆಫ್ರಿಕದಲ್ಲಿ ಮೃಗದರ್ಶನ: ಹೊರಡುವುದು ಯಾವಾಗ?

ಕಾಡುಮೃಗಗಳನ್ನು ಅವುಗಳ ನೆಲೆಯಲ್ಲಿಯೇ ನೋಡಿಬರುವ ಪ್ರವಾಸಕ್ಕೆ ಸಫಾರಿ ಎಂದು ಹೆಸರು. ಪ್ರಯಾಣವೆಂಬ ಅರ್ಥದ ಈ ಸ್ವಾಹಿಲಿ ಪದದ ಮೂಲ ಅರಬ್ಬಿ. ನಮ್ಮ ಕಡೆ ಕೇಳಿಬರುವ ‘ಸಫರ್’ ಎಂಬ ಮಾತೂ ಅಲ್ಲಿಂದಲೇ ಬಂದುದು. ಇಂತಹ ಪ್ರವಾಸಕ್ಕಾಗಿ ಆಫ್ರಿಕದ ದಕ್ಷಿಣ ಭಾಗಕ್ಕೆ ಹೋಗಬಯಸುವವರು ‘ಎಲ್ಲಿಗೆ ಹೋಗಬೇಕು?’ ಎಂದು ಮೊದಲು ಕೇಳುತ್ತಾರೆ. ಅದಕ್ಕಿಂತ ಮೊದಲು ‘ಯಾವಾಗ ಹೋಗಬೇಕು?’ ಎಂದು ಕೇಳುವುದು ಲೇಸೆಂದು ನಾವು ಭಾವಿಸುತ್ತೇವೆ. ಆ ಪ್ರಶ್ನೆಗೆ ಉತ್ತರ ಕೊಡುವುದು ನೀರು.

ಭೂಮಧ್ಯರೇಖೆಯ ಆಚೆಗೆ ಋತುಗಳು ನಮ್ಮವಕ್ಕೆ ವಿರುದ್ಧವಾಗಿರುವುವಷ್ಟೆ. ನಮ್ಮಲ್ಲಿ ಮುಂಗಾರು ಸುರಿಯುವ ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲಿ ಚಳಿಗಾಲ. ಆಗ ಆ ಭೂಭಾಗದ ಮೇಲೆ ಅಧಿಕ ಒತ್ತಡದ ವಾಯುರಾಶಿ ನೆಲೆಸಿರುತ್ತದೆ. ಮೇಲಿನಿಂದ ಇಳಿಯುವ ಗಾಳಿಯು ಒತ್ತಡಕ್ಕೆ ಸಿಕ್ಕಿ ಬಿಸಿಯಾಗುವುದರಿಂದ ಮೋಡ ಕಟ್ಟುವುದಿಲ್ಲ. ಕೇಪ್ ಪ್ರಾಂತದ ನೈಋತ್ಯದ ಮೂಲೆಯನ್ನು ಬಿಟ್ಟರೆ, ಮಳೆಯ ಬಹುಭಾಗ ಬೀಳುವುದು ನವೆಂಬರಿನಿಂದ ಮಾರ್ಚಿಯವರೆಗೆ.

ಮಳೆ ನಿಂತ ಕೆಲವು ವಾರಗಳಲ್ಲಿ ಸಣ್ಣ ಹೊಂಡಗಳು ಬತ್ತತೊಡಗುತ್ತವೆ, ಹುಲ್ಲು ಒಣಗಿ ಬಾಗುತ್ತದೆ, ಮರಗಳು ಎಲೆಯುದುರಿಸುತ್ತವೆ. ಕಾಡಿನ ಮರೆ ಕಡಮೆಯಾಗುತ್ತದೆ. ದಿನಕ್ಕೆ ನೂರು ಲೀಟರಿಗೂ ಮೀರಿ ನೀರು ಕುಡಿಯಬಲ್ಲ ಆನೆಯಂತಹ ಪ್ರಾಣಿಗಳು ಬತ್ತದ ನೀರನ್ನು ಅರಸಿ ಬರಲೇಬೇಕು. ಉತ್ತರ ಬೋಟ್ಸ್‌ವಾನದ ಚೋಬೆ ನದಿಯ ದಡದಲ್ಲಿ ಆಗ ಆನೆಗಳ ಹಿಂಡುಗಳು ನೆರೆಯುತ್ತವೆ. ನಮೀಬಿಯದ ಎಟೋಷದಲ್ಲಿ ಸುಮಾರು 4,800 ಚದರ ಕಿಲೋಮೀಟರು ವಿಸ್ತಾರದ ಉಪ್ಪಿನ ಬಯಲಿದೆ. ಅದರ ಅಂಚಿನ ಒರತೆಯೊಂದರ ಬಳಿ ವಾಹನ ನಿಲ್ಲಿಸಿ ತಾಳ್ಮೆಯಿಂದ ಕುಳಿತರೆ ಸಾಕು, ಮೃಗಗಳೇ ಬರುತ್ತವೆ. ದಕ್ಷಿಣ ಆಫ್ರಿಕ ದೇಶದಲ್ಲಿ 1926ರಲ್ಲಿ ಸ್ಥಾಪಿತವಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿಯೂ ಇದೇ ಕ್ರಮ. ಇವು ಮೂರಕ್ಕೂ ಆಗಸ್ಟಿನಿಂದ ಅಕ್ಟೋಬರಿನವರೆಗಿನ ಕಾಲ ಪ್ರಶಸ್ತ.

ಬೋಟ್ಸ್‌ವಾನದ ಒಕವಾಂಗೊ ಮುಖಜಭೂಮಿಯಲ್ಲಿ ಮಾತ್ರ ವಿಚಿತ್ರವೊಂದು ಕಾಣುತ್ತದೆ. ಸುತ್ತಲಿನ ನೆಲ ಒಣಗಿದಾಗ ಇಲ್ಲಿ ಪ್ರವಾಹ! ಈ ನೀರು ಬಿದ್ದುದು ಬಹುದೂರದ ಅಂಗೋಲದ ಎತ್ತರದ ಪ್ರದೇಶದಲ್ಲಿ, ಅಲ್ಲಿನ ಮಳೆಗಾಲದಲ್ಲಿ. ಮುಖಜಭೂಮಿಯಲ್ಲಿ 250 ಕಿಲೋಮೀಟರಿಗೆ ಇಳಿಜಾರು ಸುಮಾರು 60 ಮೀಟರು, ಎಂದರೆ ಕಿಲೋಮೀಟರಿಗೆ ಒಂದು ಗೇಣಿನಷ್ಟು. ಜೊಂಡು, ಪಪೈರಸ್ ಗಿಡಗಳೂ ಅಡ್ಡಗಟ್ಟುವುದರಿಂದ ನೀರು ತೆವಳುತ್ತ ಸಾಗಿ, ಜೂನ್‌ನಿಂದ ಆಗಸ್ಟಿನವರೆಗಿನ ಅವಧಿಯಲ್ಲಿ ಅತ್ಯಂತ ವಿಸ್ತಾರವಾಗಿ ಹರಡುತ್ತದೆ. ಅದು ಕಡಲನ್ನು ಸೇರುವುದೇ ಇಲ್ಲ. ಬಹುಪಾಲು ಆವಿಯಾಗಿ ಹೋಗುತ್ತದೆ. 2014ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಜಲಪ್ರದೇಶವನ್ನು ಮೊಕೊರೊ ಎಂಬ ಕಿರುದೋಣಿಯಲ್ಲಿ ಕುಳಿತು ನೋಡಬಹುದು.

ಆದುದರಿಂದ ಆಗಸ್ಟಿನಲ್ಲಿ ಒಕವಾಂಗೊವನ್ನು ನೋಡಿ, ಸೆಪ್ಟೆಂಬರಿನ ಹೊತ್ತಿಗೆ ಚೋಬೆಗೆ ಸಾಗುವುದು ಒಳ್ಳೆಯ ಯೋಜನೆ. ದಸರೆಯ ರಜೆಯಷ್ಟೇ ದೊರೆಯುವ ನಮ್ಮ ವಿದ್ಯಾರ್ಥಿಗಳಿಗೆ ಎಟೋಷ ಅಥವಾ ಕ್ರೂಗರ್ ಒದಗೀತು. ಅಕ್ಟೋಬರಿನಲ್ಲಿ ಬಿಸಿಲು ಮಾತ್ರ ಕಡು. ಜೂನ್, ಜುಲೈಯಲ್ಲಿ ಹೋಗುವವರು ಉಣ್ಣೆಯ ಬಟ್ಟೆಯನ್ನು ಮರೆಯಬಾರದು. ತೆರೆದ ವಾಹನದಲ್ಲಿ ಮುಂಜಾವದ ಚಳಿ ಕೊರೆಯುತ್ತದೆ. ಈ ಪ್ರದೇಶದ ಅನೇಕ ಕಡೆ ಮಲೇರಿಯ ಉಂಟು. ಒಣಗಾಲದಲ್ಲಿ ಅದರ ಭಯ ಕಡಮೆಯಾದರೂ ಹೊರಡುವ ಮೊದಲು ವೈದ್ಯರ ಸಲಹೆ ಅವಶ್ಯ. ಮಳೆಗಾಲದಲ್ಲಿ ಹೋದವರೂ ಬರಿಗೈಯಲ್ಲಿ ಮರಳಬೇಕಾಗಿಲ್ಲ: ಇಂಪಾಲ ಹುಲ್ಲೆಗಳು ಮರಿಹಾಕುವುದು ಮಳೆ ಮೊದಲಾಗುವ ದಿನಗಳಲ್ಲಿ, ವಲಸೆಯ ಹಕ್ಕಿಗಳು ಬಂದಿರುವುದೂ ಆಗಲೇ.

ನಮಗೆ ಅನುಕೂಲವಾದ ಒಣಗಾಲವು ಮೃಗಗಳಿಗೆ ಕಷ್ಟದ ಕಾಲ. ಹಾಗಾದರೆ ಎಲ್ಲೆಡೆಯೂ ನೀರೊದಗಿಸುವುದು ಉಪಕಾರವಲ್ಲವೆ ಎಂದು ವಾಚಕರು ಕೇಳಬಹುದು. ಕ್ರೂಗರಿನಲ್ಲಿ ಈ ಪ್ರಯತ್ನ ನಡೆದಿದೆ. 20ನೆಯ ಶತಮಾನದಲ್ಲಿ ಅಲ್ಲಿ ನೂರಾರು ಕೊಳವೆಬಾವಿಗಳನ್ನು ಕೊರೆದರು. ನೀರಿಲ್ಲದಿದ್ದ ಉತ್ತರ ಭಾಗಕ್ಕೆ ಜೀಬ್ರಾಗಳು ಬಂದುವು. ಅವುಗಳ ಬೆನ್ನಿಗೆ ಸಿಂಹಗಳು ಬಂದುವು. ಅಲ್ಲಿ ವಿರಳವಾಗಿ ಬಾಳುತ್ತಿದ್ದ ರೋನ್ ಎಂಬ ಹುಲ್ಲೆಗಳು 1986ರಲ್ಲಿ ಸುಮಾರು 450 ಇದ್ದುವು. 1993ರ ವೇಳೆಗೆ ಸುಮಾರು 45 ಉಳಿದುವು. ನೀರಿನ ಅಭಾವವೇ ಅವಕ್ಕೆ ಕಾವಲಾಗಿತ್ತು! ಮುಂದೆ ಅನೇಕ ಕೊಳವೆಬಾವಿಗಳನ್ನು ಮುಚ್ಚಬೇಕಾಯಿತು.

ನೀರಿನ ದಡದಲ್ಲಿ ಮೃಗಗಳಿಗಾಗಿ ಕಾದು ಕುಳಿತಾಗ ಈ ಸಂಗತಿ ನೆನಪಿನಲ್ಲಿರಲಿ. ಬಾಯಾರಿ ಬಂದ ಪ್ರಾಣಿಗೆ ದಾರಿ ಬಿಟ್ಟು, ಸದ್ದಿಲ್ಲದೆ ದೂರದಲ್ಲಿ ನಿಲ್ಲುವುದು ಅತಿಥಿಗಳಾದ ನಮ್ಮ ಮೊದಲನೆಯ ಕರ್ತವ್ಯ.