ಹಣೆಪಟ್ಟಿ ಹಚ್ಚಿದರೆ ವಾದ ಗೆದ್ದಂತೆಯೆ?

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಆದರೆ ಅಂತರಜಾಲದಲ್ಲಿ ಆಡಿದ ಮಾತು ಹೋಗುವುದೂ ಇಲ್ಲ. ಸಾವಿರಾರು ಮೊಬೈಲುಗಳಲ್ಲಿ ಅದು ಉಳಿದುಕೊಂಡು, ವರ್ಷಗಳು ಕಳೆದ ಮೇಲೂ ಮತ್ತೆ ಎದ್ದು ಬರುತ್ತದೆ. ಅಲ್ಲಿ ನಡೆಯುವ ರಾಜಕೀಯ ಚರ್ಚೆಯಲ್ಲಂತೂ ಮಾತು ಮುತ್ತಾಗುವುದಕ್ಕಿಂತ ಕಲ್ಲಾಗುವುದೇ ಹೆಚ್ಚು. ಹೀಗೇಕೆ ಆಗುತ್ತಿದೆ, ಇದರಿಂದ ನಮಗಾಗುವ ನಷ್ಟವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ನಮ್ಮ ಹಿರಿಯರು ರಾಜಕೀಯದ ವಿಷಯದಲ್ಲಿ ಜಗಳವಾಡಲಿಲ್ಲವೆಂದೇನೂ ಅಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಅಂಗಳದಲ್ಲಿ, ಹೋಟೆಲು ಕೆಲಸಗಾರರ ಕೋಣೆಗಳಲ್ಲಿ, ಚಾಳುಗಳ ಪಡಸಾಲೆಗಳಲ್ಲಿ 1969ರ ಕಾಂಗ್ರೆಸ್ ವಿಭಜನೆಯೂ 1975ರ ತುರ್ತು ಪರಿಸ್ಥಿತಿಯೂ ಬಿಸಿಬಿಸಿ ಚರ್ಚೆಗೆ ವಸ್ತುವಾಗಿದ್ದವು. ಧ್ವನಿ ಏರುತ್ತಿತ್ತು, ಮೇಜು ಗುದ್ದುವವರೂ ಇದ್ದರು. ಆದರೆ ವಾದಿಸಿದ ಇಬ್ಬರೂ ಅಂದು ರಾತ್ರಿ ಒಂದೇ ಲೋಕಲ್ ಗಾಡಿ ಹಿಡಿಯಬೇಕಿತ್ತು. ಮರುದಿನ ಒಂದೇ ಯಕ್ಷಗಾನದ ಆಟಕ್ಕೆ ಚಂದಾ ಎತ್ತಬೇಕಿತ್ತು. ಈ ಅನಿವಾರ್ಯತೆಯೇ ನಾಲಗೆಗೆ ಒಂದು ಕಡಿವಾಣವಾಗಿತ್ತು. ಇಂದು ಅದೇ ಬಳಗದವರು ವಾಟ್ಸ್ಆ್ಯಪ್ ಗುಂಪಿನಲ್ಲಿ ಪರಸ್ಪರ ಹೆಸರಿಟ್ಟು ಜರೆದು, ‘ಲೆಫ್ಟ್’ ಎಂಬ ಒಂದೇ ಪದವನ್ನು ಪರದೆಯ ಮೇಲೆ ಉಳಿಸಿ ಹೊರನಡೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಟೀಕೆ ಬೇರೆ, ಹಣೆಪಟ್ಟಿ ಬೇರೆ

‘ಸರಕಾರದ ಈ ನಿರ್ಧಾರ ತಪ್ಪು, ಏಕೆಂದರೆ...’ ಎಂದು ಆರಂಭವಾಗುವ ಮಾತು ಎಷ್ಟೇ ಕಟುವಾಗಿದ್ದರೂ ಟೀಕೆ. ಅದಕ್ಕೆ ಉತ್ತರ ಕೊಡಲು ಅವಕಾಶವಿದೆ. ‘ನೀನು ಇಂಥವನು, ಆದ್ದರಿಂದ ನಿನ್ನ ಮಾತು ಕೇಳಬೇಕಿಲ್ಲ’ ಎನ್ನುವುದು ಹಣೆಪಟ್ಟಿ. ಅದಕ್ಕೆ ಉತ್ತರವೇ ಇಲ್ಲ. ಪ್ರತಿಯಾಗಿ ಇನ್ನೊಂದು ಹಣೆಪಟ್ಟಿ ಹಚ್ಚಬಹುದು, ಅಷ್ಟೆ. ‘ಭಕ್ತ’, ‘ಗುಲಾಮ’, ‘ದೇಶದ್ರೋಹಿ’, ‘ನಗರ ನಕ್ಸಲ’, ‘ಚಡ್ಡಿ’, ‘ಗಂಜಿ ಗಿರಾಕಿ’, ‘ಲದ್ದಿಜೀವಿ’ ಮುಂತಾದ ಪದಗಳು ಎಲ್ಲ ಪಾಳೆಯಗಳ ಬತ್ತಳಿಕೆಯಲ್ಲಿಯೂ ಸಾಕಷ್ಟಿವೆ. ಈ ವಿಷಯದಲ್ಲಿ ಯಾವ ಪಕ್ಷದವರೂ ತಮ್ಮ ಕೈ ಶುದ್ಧವೆಂದು ಹೇಳುವಂತಿಲ್ಲ.

ಇಲ್ಲಿ ಕನ್ನಡಕ್ಕೇ ಆಗಿರುವ ನಷ್ಟವನ್ನು ಗಮನಿಸಬೇಕು. ಶರಣರೂ ದಾಸರೂ ಬೆಳಗಿದ ನುಡಿಯಲ್ಲಿ ‘ಭಕ್ತ’ ಎಂಬುದು ಮನುಷ್ಯನು ಏರಬಹುದಾದ ಒಂದು ಎತ್ತರವನ್ನು ಸೂಚಿಸುವ ಮಾತು. ‘ಬುದ್ಧಿಜೀವಿ’ ಎಂಬುದು ಓದು, ಚಿಂತನೆಗಳಿಂದ ಬಾಳುವವರಿಗೆ ಇದ್ದ ಗೌರವದ ಹೆಸರು. ಇಂದು ಇವೆರಡನ್ನೂ ವ್ಯಂಗ್ಯದ ಸೋಂಕಿಲ್ಲದೆ ಬಳಸುವುದೇ ಕಷ್ಟವಾಗಿದೆ. ಬೈಗುಳವಾಗಿ ಬಳಕೆಯಾದ ಒಳ್ಳೆಯ ಪದವು ಮೊದಲಿನ ಸ್ಥಾನಕ್ಕೆ ಮರಳಲು ಬಹಳ ಕಾಲ ಬೇಕು.

ವಾದದ ಬಗೆಗಳನ್ನು ವಿಂಗಡಿಸಿ ನೋಡುವುದು ನಮ್ಮ ನೆಲಕ್ಕೆ ಹೊಸತಲ್ಲ. ಗೌತಮನ ನ್ಯಾಯಸೂತ್ರಗಳು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತವೆ. ಸತ್ಯವನ್ನು ತಿಳಿಯಲು ಪ್ರಮಾಣಪೂರ್ವಕವಾಗಿ ನಡೆಯುವುದು ವಾದ. ಗೆಲುವೊಂದೇ ಗುರಿಯಾಗಿ ಯುಕ್ತಿ ಕುಯುಕ್ತಿಗಳೆಲ್ಲವನ್ನೂ ಬಳಸುವುದು ಜಲ್ಪ. ತನ್ನದೆಂಬ ನಿಲುವನ್ನೇ ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುತ್ತ ಹೋಗುವುದು ವಿತಂಡ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿಯೂ ವೈದ್ಯರ ಚರ್ಚೆಯನ್ನು ಸ್ನೇಹದಿಂದ ನಡೆಯುವ ಸಂಧಾಯ ಸಂಭಾಷೆ, ಎದುರಾಳಿತನದಿಂದ ನಡೆಯುವ ವಿಗೃಹ್ಯ ಸಂಭಾಷೆ ಎಂದು ಎರಡಾಗಿ ಹೇಳಲಾಗಿದೆ. ಬರಿಯ ಹಣೆಪಟ್ಟಿ ಹಚ್ಚುವುದು ಈ ಯಾವ ಬಗೆಯಲ್ಲಿಯೂ ಸಲ್ಲದು. ವಿತಂಡವಾದಿಯಾದರೂ ಎದುರಾಳಿಯ ಮಾತನ್ನು ಕೇಳಿಸಿಕೊಂಡು ಅದನ್ನು ಖಂಡಿಸಬೇಕು. ಹಣೆಪಟ್ಟಿ ಹಚ್ಚುವವನಿಗೆ ಆ ಶ್ರಮವೂ ಬೇಕಿಲ್ಲ.

ಅಂತರಜಾಲದಲ್ಲಿ ಇದೇಕೆ ಹೆಚ್ಚು?

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸುಲರ್ ಅವರು 2004ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಅಂತರಜಾಲದಲ್ಲಿ ಮನುಷ್ಯನ ಸಂಕೋಚ ಸಡಿಲಗೊಳ್ಳುವುದಕ್ಕೆ ಹಲವು ಕಾರಣಗಳನ್ನು ಗುರುತಿಸಿದರು. ಹೆಸರು ಮರೆಯಲ್ಲಿರುವುದು, ಮುಖ ಕಾಣದಿರುವುದು, ಉತ್ತರ ತಡವಾಗಿ ಬರುವುದು ಅವುಗಳಲ್ಲಿ ಸೇರಿವೆ. ಎದುರಿಗೆ ಕುಳಿತವನ ಕಣ್ಣಲ್ಲಿ ನೋವು ಕಂಡಾಗ ನಾವು ಅರ್ಧಕ್ಕೇ ಮಾತು ನಿಲ್ಲಿಸುತ್ತೇವೆ. ಪರದೆಯ ಮೇಲೆ ಆ ಕಣ್ಣು ಕಾಣುವುದಿಲ್ಲ.

ಎರಡನೆಯ ಕಾರಣ ಹರಡುವಿಕೆಗೆ ಸಂಬಂಧಿಸಿದ್ದು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಅಮೆರಿಕದ ವಿವಾದಾತ್ಮಕ ವಿಷಯಗಳ ಕುರಿತ ಐದು ಲಕ್ಷಕ್ಕೂ ಹೆಚ್ಚು ಟ್ವಿಟರ್ ಸಂದೇಶಗಳನ್ನು ಪರಿಶೀಲಿಸಿದ್ದರು. ನೀತಿಯ ಪ್ರಜ್ಞೆಯನ್ನೂ ಭಾವೋದ್ವೇಗವನ್ನೂ ಒಟ್ಟಿಗೆ ಕೆರಳಿಸುವ ಪದವೊಂದು ಸೇರಿದಾಗಲೆಲ್ಲ ಸಂದೇಶದ ಹರಡುವಿಕೆ ಸುಮಾರು 20 ಪ್ರತಿಶತ ಹೆಚ್ಚುತ್ತಿತ್ತು. ಆದರೆ ಅದು ಹರಡುತ್ತಿದ್ದುದು ಬಹುಮಟ್ಟಿಗೆ ಹೇಳಿದವನ ಪಾಳೆಯದೊಳಗೇ. ಅಂದರೆ ಕಟುನುಡಿಯು ಎದುರಾಳಿಯ ಮನಸ್ಸನ್ನು ಬದಲಿಸುವುದಿಲ್ಲ. ತನ್ನವರ ಚಪ್ಪಾಳೆಯನ್ನು ಮಾತ್ರ ಗಳಿಸಿಕೊಡುತ್ತದೆ. ಚಪ್ಪಾಳೆಯ ರುಚಿ ಹತ್ತಿದವನು ನಾಳೆ ಇನ್ನೂ ಖಾರವಾಗಿ ಬರೆಯುತ್ತಾನೆ.

ಹಾಗಾದರೆ ಅಂತರಜಾಲವು ಸಜ್ಜನರನ್ನೂ ದುರ್ಜನರನ್ನಾಗಿ ಮಾಡುತ್ತದೆಯೆ? ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾನಿಲಯದ ಅಲೆಕ್ಸಾಂಡರ್ ಬೋರ್ ಮತ್ತು ಮೈಕೆಲ್ ಬಾಂಗ್ ಪೀಟರ್ಸನ್ ಅವರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಉತ್ತರ ಕೊಡುತ್ತದೆ. ಅಮೆರಿಕ ಮತ್ತು ಡೆನ್ಮಾರ್ಕಿನಲ್ಲಿ ಅವರು ಕಂಡಂತೆ, ಅಂತರಜಾಲದ ರಾಜಕೀಯ ಚರ್ಚೆಯಲ್ಲಿ ಹರಿಹಾಯುವವರು ಮುಖಾಮುಖಿ ಚರ್ಚೆಯಲ್ಲಿಯೂ ಹರಿಹಾಯುವವರೇ. ವ್ಯತ್ಯಾಸವೇನೆಂದರೆ, ಕೋಣೆಯಲ್ಲಿ ಹತ್ತು ಜನರಿಗೆ ಕೇಳಿಸುತ್ತಿದ್ದ ಅವರ ಮಾತು ಅಂತರಜಾಲದಲ್ಲಿ ಹತ್ತು ಸಾವಿರ ಜನರಿಗೆ ಕಾಣುತ್ತದೆ. ಈ ತೀರ್ಮಾನದಲ್ಲಿ ಸಮಾಧಾನವೂ ಇದೆ, ಎಚ್ಚರಿಕೆಯೂ ಇದೆ. ಬಹುಜನರು ಸಭ್ಯರೇ ಎಂಬುದು ಸಮಾಧಾನ. ಆ ಬಹುಜನರು ಬೇಸತ್ತು ಮೌನವಾದರೆ ಅಂಗಳವೆಲ್ಲ ಕೆಲವರ ಪಾಲಾಗುತ್ತದೆ ಎಂಬುದು ಎಚ್ಚರಿಕೆ.

ಪೆಟ್ಟು ಬೀಳುವುದು ಯಾರಿಗೆ?

ಈ ಬೈಗುಳ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 2019ರ ಲೋಕಸಭಾ ಚುನಾವಣೆಯ ಆಸುಪಾಸಿನ ಮೂರು ತಿಂಗಳಲ್ಲಿ 95 ಭಾರತೀಯ ರಾಜಕಾರಣಿ ಮಹಿಳೆಯರನ್ನು ಉಲ್ಲೇಖಿಸಿದ 1,14,716 ಟ್ವಿಟರ್ ಸಂದೇಶಗಳನ್ನು ಆಮ್ನೆಸ್ಟಿ ಇಂಡಿಯಾ ಸಂಸ್ಥೆ ಸ್ವಯಂಸೇವಕರ ನೆರವಿನಿಂದ ಪರಿಶೀಲಿಸಿತು. 2020ರ ಜನವರಿಯಲ್ಲಿ ಪ್ರಕಟವಾದ ಅದರ ವರದಿಯಂತೆ, ಅವುಗಳಲ್ಲಿ 13.8 ಪ್ರತಿಶತ, ಅಂದರೆ ಸುಮಾರು ಏಳರಲ್ಲಿ ಒಂದು, ನಿಂದನೆಯದೋ ಆಕ್ಷೇಪಾರ್ಹವೋ ಆಗಿತ್ತು. ಇದನ್ನು ದಿನವೂ ನೋಡುವ ಹೆಣ್ಣುಮಗಳೊಬ್ಬಳು ‘ಈ ರಾಜಕೀಯದ ಗೊಡವೆಯೇ ಬೇಡ’ ಎಂದು ಹಿಂದೆ ಸರಿದರೆ ಅದು ಅವಳೊಬ್ಬಳ ನಷ್ಟವೆ?

ಹೊರನಾಡಿನಲ್ಲಿರುವ ನಮಗಂತೂ ಈ ವಿಷಯದಲ್ಲಿ ಇನ್ನೊಂದು ಪಾಠವಿದೆ. 2016ರ ಸೆಪ್ಟೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿಗೆ ಕಾವೇರಿ ನೀರು ಬಿಡಲು ಆದೇಶಿಸಿತು. ಮುಂದಿನ ದಿನಗಳಲ್ಲಿ ಎರಡೂ ಕಡೆಯ ಹೀಯಾಳಿಕೆ ಸಾಮಾಜಿಕ ಜಾಲತಾಣಗಳಲ್ಲಿ ತುಂಬಿತು. ಕನ್ನಡ ನಟರನ್ನು ಗೇಲಿ ಮಾಡಿದನೆಂದು ಬೆಂಗಳೂರಿನಲ್ಲಿ ತಮಿಳು ಯುವಕನೊಬ್ಬನನ್ನು ಥಳಿಸಲಾಯಿತು. ಥಳಿತದ ದೃಶ್ಯವನ್ನು ಚಿತ್ರೀಕರಿಸಿ ಹರಡಲಾಯಿತು. ಸೆಪ್ಟೆಂಬರ್ 12ರ ನಸುಕಿನಲ್ಲಿ ಚೆನ್ನೈಯ ಮೈಲಾಪುರದಲ್ಲಿ, ಕನ್ನಡಿಗರು ನಡೆಸುವ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಎಸೆಯಲಾಯಿತು. ಅದೇ ದಿನ ಬೆಂಗಳೂರಿನಲ್ಲಿ ಮೂವತ್ತಕ್ಕೂ ಹೆಚ್ಚು ಬಸ್ಸುಗಳು ಸುಟ್ಟು ಕರಕಲಾದವು, ಗೋಲಿಬಾರಿನಲ್ಲಿ ಪ್ರಾಣಹಾನಿಯೂ ಆಯಿತು. ಇಷ್ಟೆಲ್ಲಕ್ಕೂ ಅಂತರಜಾಲದ ಮಾತೊಂದೇ ಕಾರಣವಲ್ಲ. ನದಿಯ ವಿವಾದ ಶತಮಾನಕ್ಕೂ ಹಳೆಯದು. ಆದರೆ ಒಂದು ಊರಿನಲ್ಲಿ ಆಡಿದ ಹೀನ ಮಾತಿಗೆ ಇನ್ನೊಂದು ಊರಿನಲ್ಲಿ ದುಡಿದು ಬಾಳುವ ನಿರಪರಾಧಿ ಬೆಲೆ ತೆರುತ್ತಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಾನೂನು ಎಲ್ಲಿಯವರೆಗೆ?

‘ಹಾಗಾದರೆ ಇಂಥವರನ್ನು ಜೈಲಿಗೆ ಹಾಕಬಾರದೇಕೆ?’ ಎಂದು ಕೇಳುವವರಿದ್ದಾರೆ. ಆ ದಾರಿಯ ಅಪಾಯವನ್ನೂ ನಾವು ಹತ್ತಿರದಿಂದ ಕಂಡಿದ್ದೇವೆ. 2012ರ ನವೆಂಬರ್‌ನಲ್ಲಿ ಬಾಳಾ ಠಾಕ್ರೆಯವರು ನಿಧನರಾದಾಗ ಮುಂಬಯಿ ಸ್ತಬ್ಧವಾದುದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು. ಅವಳ ಗೆಳತಿ ಅದಕ್ಕೆ ಮೆಚ್ಚುಗೆ ಸೂಚಿಸಿದಳು. ಅದರಲ್ಲಿ ಬೈಗುಳವೇ ಇರಲಿಲ್ಲ. ಆದರೂ ಇಬ್ಬರೂ ಬಂಧಿತರಾದರು. ಬಂಧುವೊಬ್ಬರ ಆಸ್ಪತ್ರೆಯ ಮೇಲೆ ದಾಳಿಯಾಯಿತು. ಅವರ ಮೇಲೆ ಹೊರಿಸಿದ ಕಲಮುಗಳಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕೂಡ ಒಂದು. ‘ಕಿರಿಕಿರಿ’, ‘ಅನನುಕೂಲ’ ಎಂಬಂಥ ಅಸ್ಪಷ್ಟ ಪದಗಳ ಆಧಾರದಲ್ಲಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅದರಲ್ಲಿ ಅವಕಾಶವಿತ್ತು. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯವು ಆ ಕಲಮನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಇವು ಮೂರು ಬೇರೆ ಬೇರೆ. ಮಾತು ಪ್ರಚೋದನೆಯ ಹಂತ ಮುಟ್ಟಿದಾಗಲೇ ಕಾನೂನು ನಿರ್ಬಂಧಿಸಬಹುದು ಎಂಬುದು ಆ ತೀರ್ಪಿನ ತಿರುಳು.

ಮಾನಹಾನಿ, ಬೆದರಿಕೆ, ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವಿಕೆ ಇಂದಿಗೂ ಅಪರಾಧಗಳೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356, 351 ಮತ್ತು 196ನೆಯ ಕಲಮುಗಳು ಅವುಗಳಿಗೆ ಸಂಬಂಧಿಸಿವೆ. ಕೊಲೆ ಬೆದರಿಕೆ ಬಂದವರು ಪೊಲೀಸರ ಮೊರೆ ಹೋಗಲೇಬೇಕು. ಆದರೆ ಪ್ರತಿಯೊಂದು ಒರಟು ಮಾತಿಗೂ ಕಾನೂನಿನ ಬೆತ್ತ ಹುಡುಕಿದರೆ, ಬೆತ್ತ ಯಾರ ಕೈಯಲ್ಲಿರುತ್ತದೋ ಅವರ ವಿರೋಧಿಗಳ ಬೆನ್ನಿಗೇ ಅದು ಬೀಳುತ್ತದೆ.

ಲೋಕಸಭೆಯಲ್ಲಿ ಬೇರೊಂದು ವ್ಯವಸ್ಥೆಯಿದೆ. ಅಲ್ಲಿ ಸದಸ್ಯರಾಡಿದ ಅಸಂಸದೀಯ ಪದವನ್ನು ನಡಾವಳಿಯ 380ನೆಯ ನಿಯಮದಂತೆ ಸಭಾಧ್ಯಕ್ಷರು ಕಡತದಿಂದ ತೆಗೆಸುತ್ತಾರೆ. ಮಾತು ಮಾತ್ರ ಹೋಗುತ್ತದೆ, ಚರ್ಚೆ ಮುಂದುವರಿಯುತ್ತದೆ. ಆದರೆ ಪದಗಳ ಪಟ್ಟಿಯನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೂ ಅಲ್ಲಿಯೇ ಉದಾಹರಣೆಯಿದೆ. ‘ಗೋಡ್ಸೆ’ ಎಂಬುದು ಅಸಂಸದೀಯ ಪದಗಳ ಪಟ್ಟಿಯಲ್ಲಿತ್ತು. ನಾಸಿಕದ ಅಂದಿನ ಸಂಸದ ಹೇಮಂತ ಗೋಡ್ಸೆಯವರ ಅಡ್ಡಹೆಸರೂ ಅದೇ! ಅವರ ಕೋರಿಕೆಯ ಮೇರೆಗೆ 2015ರಲ್ಲಿ ಸಭಾಧ್ಯಕ್ಷೆ ಸುಮಿತ್ರಾ ಮಹಾಜನ್ ಅದನ್ನು ಸರಿಪಡಿಸಬೇಕಾಯಿತು. ದೋಷ ಪದದಲ್ಲಿಲ್ಲ, ಅದನ್ನು ಯಾರತ್ತ ಏಕೆ ಎಸೆಯುತ್ತೇವೆ ಎಂಬುದರಲ್ಲಿದೆ.

ನಾವು ಮಾಡಬಹುದಾದುದು

ಅನೇಕ ಸಂಘಗಳು ಈಗ ತಮ್ಮ ಗುಂಪುಗಳಲ್ಲಿ ‘ಇಲ್ಲಿ ರಾಜಕೀಯ ನಿಷಿದ್ಧ’ ಎಂಬ ಫಲಕ ತೂಗಿಸಿವೆ. ಅವರ ಬೇಸರ ನಮಗೆ ಅರ್ಥವಾಗುತ್ತದೆ. ಆದರೆ ಬೆಳಗಾವಿಯ ಗಡಿ, ಕಾವೇರಿಯ ನೀರು, ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳ ಭವಿಷ್ಯ ಇವೆಲ್ಲವೂ ರಾಜಕೀಯವೇ. ಇವನ್ನು ಬಿಟ್ಟು ಹೊರನಾಡ ಕನ್ನಡಿಗರು ಮಾತನಾಡುವುದಾದರೂ ಏನನ್ನು? ಬಾಯಿಗೆ ಬೀಗ ಹಾಕುವುದಕ್ಕಿಂತ ಮಾತಿಗೆ ಮರ್ಯಾದೆ ಕಲಿಸುವುದು ಲೇಸು.

ಅದಕ್ಕೆ ದೊಡ್ಡ ನಿಯಮಾವಳಿ ಬೇಕಿಲ್ಲ. ಬರೆಯುವ ಮೊದಲು ಎದುರಾಳಿಯ ಮಾತನ್ನು ಅವನೂ ಒಪ್ಪುವಂತೆ ಒಂದು ವಾಕ್ಯದಲ್ಲಿ ಹೇಳಿ ನೋಡಿಕೊಳ್ಳೋಣ. ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವೆಂದು ಕರೆದು ಪಾಲಿಸಿದ ಕ್ರಮವೇ ಇದು. ಮುಖದೆದುರು ಆಡಲಾಗದ ಮಾತನ್ನು ಪರದೆಯ ಮೇಲೆ ಬರೆಯದಿರೋಣ. ಸಿಟ್ಟು ಬಂದಾಗ ಬರೆದುದನ್ನು ಮರುದಿನ ಬೆಳಿಗ್ಗೆ ಓದಿ ಆಮೇಲೆ ಕಳುಹಿಸೋಣ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಪಾಳೆಯದವರೇ ಎದುರಿನವರಿಗೆ ಹಣೆಪಟ್ಟಿ ಹಚ್ಚಿದಾಗ ‘ಇದು ಸಲ್ಲದು, ವಿಷಯಕ್ಕೆ ಬನ್ನಿ’ ಎಂದು ನಾವೇ ಹೇಳೋಣ. ಎದುರಾಳಿ ಹೇಳಿದರೆ ಅದು ಇನ್ನೊಂದು ಜಗಳಕ್ಕೆ ಕಾರಣ. ತನ್ನವನು ಹೇಳಿದರೆ ಕೇಳುವ ಸಂಭವವುಂಟು.

ಚುನಾವಣೆಗಳು ಬರುತ್ತವೆ, ಹೋಗುತ್ತವೆ. ಪಕ್ಷಗಳು ಒಡೆಯುತ್ತವೆ, ಮತ್ತೆ ಕೂಡುತ್ತವೆ. ನಿನ್ನೆ ಒಬ್ಬರನ್ನೊಬ್ಬರು ಜರೆದ ನಾಯಕರು ಇಂದು ಒಂದೇ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುತ್ತಾರೆ. ಅವರಿಗಾಗಿ ಜಗಳವಾಡಿ ಮಾತು ಬಿಟ್ಟ ನಮ್ಮ ಇಬ್ಬರು ಗೆಳೆಯರು ಮಾತ್ರ, ಸಂಘದ ವಾರ್ಷಿಕೋತ್ಸವದಲ್ಲಿ ಸಭಾಂಗಣದ ಎರಡು ಮೂಲೆಗಳಲ್ಲಿ ಕುಳಿತಿರುತ್ತಾರೆ. ಅವರಲ್ಲೊಬ್ಬರು ಎದ್ದು ಹೋಗಿ ಇನ್ನೊಬ್ಬರ ಪಕ್ಕದ ಕುರ್ಚಿಯಲ್ಲಿ ಕುಳಿತರೆ, ಈ ಲೇಖನ ಸಾರ್ಥಕವಾದಂತೆ.