ಅವಧಿ ಮೀರಿದ ವಾಸ: ಮರೆಮಾಚುವುದು ತರವಲ್ಲ

ಮಗಳ ಬಾಣಂತನಕ್ಕೋ ಮೊಮ್ಮಗನ ಜ್ಞಾನಸ್ನಾನಕ್ಕೋ ಅಮೆರಿಕಕ್ಕೆ ತೆರಳುವ ಹೆತ್ತವರು ನಮ್ಮ ಕರಾವಳಿಯ ಅನೇಕ ಕುಟುಂಬಗಳಲ್ಲಿದ್ದಾರೆ. ಮರಳಿ ಬಂದವರಲ್ಲಿ ಕೆಲವರನ್ನು ಒಂದು ಅಳುಕು ಕಾಡುತ್ತದೆ. ತಿಳಿಯದೆ ಅವಧಿ ಮೀರಿ ತಂಗಿದ್ದಾಯಿತು. ಈಗ ಹೊಸ ವೀಸಾ ಕೋರುವಾಗ ಅದನ್ನು ಹೇಳಬೇಕೇ, ಮುಚ್ಚಿಡಬೇಕೇ?

ಈ ಪ್ರಮಾದಕ್ಕೆ ಮೂಲ ಎರಡು ದಿನಾಂಕಗಳ ನಡುವಣ ಗೊಂದಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ 10 ವರ್ಷಗಳದ್ದಾಗಿರಬಹುದು. ಅದು ಆ ದೇಶದ ಬಾಗಿಲಲ್ಲಿ ನಿಂತು ಪ್ರವೇಶ ಕೋರಲು ದೊರೆತ ಅನುಮತಿ ಮಾತ್ರ. ಎಷ್ಟು ದಿನ ಉಳಿಯಬಹುದೆಂಬುದನ್ನು ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾರೆ. ಸಂದರ್ಶಕರಿಗೆ ಸಾಮಾನ್ಯವಾಗಿ ಆರು ತಿಂಗಳು. ಆ ದಿನಾಂಕವಿರುವುದು ಐ-94 ಎಂಬ ದಾಖಲೆಯಲ್ಲಿ. ಹಿಂದೆ ಅದು ಪಾಸ್‌ಪೋರ್ಟಿಗೆ ಲಗತ್ತಿಸಿದ ಚೀಟಿಯಾಗಿತ್ತು. 2013ರಿಂದ ವಿಮಾನಯಾತ್ರಿಗಳ ಮಟ್ಟಿಗೆ ಅದು ಗಣಕದಲ್ಲಿರುವ ದಾಖಲೆ, ಅಂತರಜಾಲದಲ್ಲಿ ನೋಡಿಕೊಳ್ಳಬೇಕು. ಹೆಚ್ಚು ದಿನ ಉಳಿಯಲೇಬೇಕಾದ ಕಾರಣವಿದ್ದರೆ ಆ ದಿನಾಂಕಕ್ಕೆ ಮುನ್ನವೇ ಐ-539 ಅರ್ಜಿಯ ಮೂಲಕ ವಿಸ್ತರಣೆ ಕೋರಬೇಕು.

ಅವಧಿ ಒಂದು ದಿನ ಮೀರಿದರೂ ಆ ವೀಸಾ ಸಾಮಾನ್ಯವಾಗಿ ಅನೂರ್ಜಿತವಾಗುತ್ತದೆ. ಅದರಲ್ಲಿ ಇನ್ನೂ ಎಂಟು ವರ್ಷ ಉಳಿದಿದ್ದರೂ ಪ್ರಯೋಜನವಿಲ್ಲ. ಸ್ವದೇಶದಲ್ಲಿಯೇ ಹೊಸ ಅರ್ಜಿ ಸಲ್ಲಿಸಬೇಕು. 1996ರ ಶಾಸನದ ಪ್ರಕಾರ, ಅಕ್ರಮ ವಾಸವು 180 ದಿನಗಳನ್ನು ಮೀರಿ ಒಂದು ವರ್ಷದೊಳಗಿದ್ದರೆ ನಿರ್ಗಮಿಸಿದಂದಿನಿಂದ 3 ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಾಗಿದ್ದರೆ 10 ವರ್ಷ ಪ್ರವೇಶಕ್ಕೆ ತಡೆಯಿದೆ. ಕೆಲವೇ ದಿನ ಮೀರಿದವರಿಗೆ ಈ ತಡೆ ಅನ್ವಯಿಸದು. ಆದರೂ ವೀಸಾ ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ಆದುದರಿಂದ ಮೊದಲು ಲೆಕ್ಕ ಹಾಕೋಣ. ಐ-94ರ ಕೊನೆಯ ದಿನಕ್ಕೂ ಹೊರಟ ದಿನಕ್ಕೂ ನಡುವೆ ಎಷ್ಟು ದಿನಗಳು? ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮೊಹರು, ಅನಾರೋಗ್ಯ ಕಾರಣವಾಗಿದ್ದರೆ ವೈದ್ಯರ ಪತ್ರ, ಇವೆಲ್ಲ ಜೋಪಾನವಾಗಿರಲಿ. ಆರು ತಿಂಗಳಿಗೂ ಮೀರಿದ್ದರೆ ಬಲ್ಲ ವಕೀಲರ ಸಲಹೆ ಅವಶ್ಯ.

ಡಿಎಸ್-160 ಅರ್ಜಿಯಲ್ಲಿ, ಹಿಂದೆ ವೀಸಾ ನಿಬಂಧನೆಗಳನ್ನು ಉಲ್ಲಂಘಿಸಿದ್ದುಂಟೇ ಎಂಬ ಪ್ರಶ್ನೆಯಿದೆ. "ಇಲ್ಲವೆಂದು ಬರೆಯಿರಿ, ಯಾರಿಗೆ ಗೊತ್ತಾಗುತ್ತದೆ?" ಎನ್ನುವ ಹಿತೈಷಿಗಳಿಗೆ ಕೊರತೆಯಿಲ್ಲ. ಬಂದುಹೋದವರ ದಾಖಲೆ ಆ ಸರಕಾರದ ಬಳಿಯಿದೆ ಎಂಬುದನ್ನು ಅವರು ಮರೆಯುತ್ತಾರೆ.

ಅರಿಯದೆ ಆದ ತಪ್ಪು ಬೇರೆ, ಅರಿತು ಆಡಿದ ಸುಳ್ಳು ಬೇರೆ ಎಂದು ನೀತಿಶಾಸ್ತ್ರ ಬೋಧಿಸುತ್ತದೆ. ಈ ವಿಷಯದಲ್ಲಿ ಆ ದೇಶದ ಕಾನೂನೂ ಅದೇ ಭೇದವನ್ನು ಕಾಣುತ್ತದೆ. ದಿನಗಳ ಎಣಿಕೆಯಲ್ಲಿ ಅಜ್ಞಾನಕ್ಕೆ ರಿಯಾಯಿತಿಯಿಲ್ಲ, ನಿಜ. ಆದರೆ ಆ ತಪ್ಪಿನ ತಡೆಗೆ ಒಂದು ಕೊನೆಯಿದೆ. ಮುಖ್ಯ ಸಂಗತಿಯನ್ನು ಬೇಕೆಂದೇ ತಿರುಚಿ ವೀಸಾ ಕೋರಿದವರಿಗಾದರೋ, ವಿಶೇಷ ವಿನಾಯಿತಿ ದೊರೆತ ಹೊರತು, ಜೀವಮಾನವಿಡೀ ತಡೆ.

ಹೆತ್ತವರ ಅರ್ಜಿ ತುಂಬುವವರು ಬಹುಮಟ್ಟಿಗೆ ಮಕ್ಕಳೇ. ಬರೆದ ಪ್ರತಿಯೊಂದು ಉತ್ತರವನ್ನೂ ಅವರು ತಂದೆತಾಯಿಗೆ ಓದಿ ಹೇಳಲಿ. ಆ ಉತ್ತರಗಳಿಗೆ ಹೊಣೆ ಹೊರಬೇಕಾದವರು ಆ ಹಿರಿಯರೇ ಅಲ್ಲವೇ?