ಡ್ರಿಲ್ ಮಾಸ್ತರ ಮಾತು

ಹದಿಮೂರರ ಹುಡುಗ ಅಪ್ಪನ ಮಾತಿಗೆ ಎದುರಾಡಿಯಾನು, ಡ್ರಿಲ್ ಮಾಸ್ತರ ಮಾತು ಮೀರುವುದಿಲ್ಲ. ಅವರು ಸೀಟಿ ಊದಿದರೆ ಓಡುತ್ತಾನೆ, ನಿಲ್ಲೆಂದರೆ ನಿಲ್ಲುತ್ತಾನೆ. ಹೆಣ್ಣುಮಕ್ಕಳ ಮೇಲಿನ ಹಿಂಸೆಯನ್ನು ತಡೆಯಲು ಇದೇ ವಿಶ್ವಾಸವನ್ನು ನೆಚ್ಚಿಕೊಂಡು ಮುಂಬೈನಲ್ಲಿ 2010ರ ಸುಮಾರಿಗೆ ಶುರುವಾದದ್ದು ‘ಪರಿವರ್ತನ್’. ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ರಿಸರ್ಚ್ ಆನ್ ವಿಮೆನ್ ಸಂಸ್ಥೆ ಇತರರ ಜೊತೆಗೂಡಿ ಇದನ್ನು ನಡೆಸಿತು. ಇದರ ಬೇರು ಅಮೆರಿಕದ ‘ಕೋಚಿಂಗ್ ಬಾಯ್ಸ್ ಇನ್‌ಟು ಮೆನ್’ ಕಾರ್ಯಕ್ರಮದಲ್ಲಿದೆ. ಮುಂಬೈ ಹುಡುಗರಿಗೆ ಒಗ್ಗುವಂತೆ ಇಲ್ಲಿ ಕ್ರಿಕೆಟ್ಟನ್ನು ಆರಿಸಿಕೊಂಡರು.

ಮೊದಲು ಪಾಠ ಕಲಿತವರು ಕೋಚ್‌ಗಳೇ. ಆಮೇಲೆ ಅವರು ಅಭ್ಯಾಸದ ನಡುವೆ ಸ್ವಲ್ಪ ಹೊತ್ತು ಹುಡುಗರನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ಹುಡುಗಿಯನ್ನು ಚುಡಾಯಿಸುವುದು ತಮಾಷೆಯೇ? ಗೆಳೆಯನೇ ಹಾಗೆ ಮಾಡಿದರೆ ನೀನೇನು ಮಾಡುತ್ತೀ? ಕ್ಯಾಚ್ ಬಿಟ್ಟವನನ್ನು ‘ಬಳೆ ತೊಟ್ಕೋ ಹೋಗು’ ಎಂದು ಹಂಗಿಸುವುದನ್ನು ನಮ್ಮ ಮೈದಾನಗಳಲ್ಲೂ ಕೇಳಿದ್ದೇವಲ್ಲ. ಹೆಣ್ಣೆಂದರೆ ಕೀಳು ಎಂಬ ಭಾವ ಹುಡುಗನ ತಲೆಗೆ ಇಳಿಯುವುದು ಇಂಥ ಮಾತುಗಳಿಂದಲೇ ಎಂದು ನಾನು ನಂಬುತ್ತೇನೆ.

ಅಮೆರಿಕದ ಮೂಲ ಕಾರ್ಯಕ್ರಮವನ್ನು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ 16 ಪ್ರೌಢಶಾಲೆಗಳ ಸುಮಾರು 2,000 ಆಟಗಾರ ಹುಡುಗರಲ್ಲಿ ಒರೆಗೆ ಹಚ್ಚಿದ್ದರು. ತರಬೇತಿ ಪಡೆದವರಲ್ಲಿ ಗೆಳತಿಯರನ್ನು ಹಿಂಸಿಸುವುದು ಒಂದು ವರ್ಷದ ನಂತರ ಉಳಿದವರಿಗಿಂತ ಕಡಿಮೆಯಿತ್ತು.

ಮುಂದೆ ಮುಂಬೈನ ‘ಪರಿವರ್ತನ್’ನಲ್ಲಿ ಹುಡುಗಿಯರ ಸರದಿ ಬಂತು. ದೇವನಾರ್ ಕಸದ ಗುಡ್ಡದ ಪಕ್ಕದ ಶಿವಾಜಿ ನಗರದ ಕೊಳೆಗೇರಿಯಲ್ಲಿ ಅವರು ಆಡಿದ್ದು ಕಬಡ್ಡಿ. ಕಲಿಸಿದವರು ಅದೇ ಬಸ್ತಿಯ ಯುವತಿಯರು. ಶಾಲೆ ಬಿಟ್ಟರೆ ಮನೆ ಎಂದಿದ್ದ ಮಕ್ಕಳನ್ನು ಎಲ್ಲರೂ ನೋಡುವ ಬಯಲಿಗೆ ಕರೆತರಲು ಈ ಯುವತಿಯರು ಮನೆಮನೆಗೆ ಹೋಗಿ ತಾಯ್ತಂದೆಯರನ್ನು ಒಪ್ಪಿಸಬೇಕಾಯಿತು. ಆ ಯುವತಿಯರು ಸ್ವತಃ ಮನೆಯಿಂದ ಹೊರಬರುವುದಕ್ಕೂ ಕಟ್ಟುಪಾಡುಗಳಿದ್ದವು. ಈ ಕಾರ್ಯಕ್ರಮದಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಇದೇ: ಇನ್ನೊಬ್ಬಳಿಗೆ ದಾರಿ ಬಿಡಿಸಹೊರಟವಳು ಮೊದಲು ತನ್ನ ಹೊಸ್ತಿಲು ದಾಟಿದಳು.

ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ‘ಸಮತಾ’ ಎಂಬ ಕಾರ್ಯಕ್ರಮ ನಡೆಸಿತು. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಪ್ರೌಢಶಾಲೆ ಬಿಡದಂತೆ, ಎಳವೆಯಲ್ಲೇ ಮದುವೆಯಾಗದಂತೆ ನೋಡಿಕೊಳ್ಳುವುದು ಅದರ ಗುರಿ. ಅದು ಹುಡುಗರನ್ನೂ ಹೊರಗಿಡಲಿಲ್ಲ. ಕಾರ್ಯಕ್ರಮ ನಡೆದ 40 ಹಳ್ಳಿಗಳನ್ನು ನಡೆಯದ 40 ಹಳ್ಳಿಗಳೊಡನೆ ಹೋಲಿಸಿದಾಗ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ; ಎರಡೂ ಕಡೆ ಸ್ಥಿತಿ ಸುಧಾರಿಸಿತ್ತು. ನಿರಾಸೆ ತರುವ ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡದು.

ನಮ್ಮ ಶಾಲೆಗಳ ದೈಹಿಕ ಶಿಕ್ಷಕರಲ್ಲಿ ಒಂದು ಕೋರಿಕೆ. ಶನಿವಾರದ ಡ್ರಿಲ್ ಮುಗಿದ ಮೇಲೆ ಹುಡುಗರನ್ನು ಹತ್ತು ನಿಮಿಷ ಕೂರಿಸಿಕೊಂಡು ಮಾತಾಡಿ. ಮೈದಾನದ ಅರ್ಧವನ್ನು ಹುಡುಗಿಯರಿಗೆ ಬಿಡಿಸಿಕೊಡಿ. ಮಕ್ಕಳ ಸಹಾಯವಾಣಿ 1098 ಅನ್ನು ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಬರೆಸಿಡಿ.